ಕಾಡಿನ ಗಾಳಿಗೆ ಅಂಗೈ ಮೀಟರ್ ಸಾಲದು

ಮಾನ್ಯರೇ,

ಅಂಗೈಯಗಲದ ‘ಟಿವಿಒಸಿ’ (ಗಾಳಿಯಲ್ಲಿರುವ, ಸುಲಭವಾಗಿ ಆವಿಯಾಗುವ ಸಾವಯವ ವಸ್ತುಗಳ ಒಟ್ಟು ಮೊತ್ತ) ಮೀಟರ್ ಹಿಡಿದು ಮಲೆನಾಡಿನ ಕಾಡು ಸುತ್ತಿ, ಅದು ತೋರಿಸಿದ ಅಂಕಿಯನ್ನು ಮರಗಳು ಬಿಟ್ಟ ಅನಿಲದ ಲೆಕ್ಕವೆಂದು ಹಂಚಿಕೊಳ್ಳುವವರಿದ್ದಾರೆ. ಆ ಅಂಕಿ ನಂಬುವಂಥದ್ದಲ್ಲ. ಸಾಮಾನ್ಯವಾಗಿ ಅದರೊಳಗಿರುವುದು ಕಾಯಿಸಿದ ಲೋಹದ ಆಕ್ಸೈಡಿನ ಸೆನ್ಸರ್. ತೇವ, ಕಾರ್ಬನ್ ಮಾನಾಕ್ಸೈಡ್, ಹೈಡ್ರೋಜನ್ ಎಲ್ಲಕ್ಕೂ ಅದು ಮಿಡಿಯುತ್ತದೆ. ಯಾವ ಊರಿನ ಗಾಳಿಯಲ್ಲೂ ಹೈಡ್ರೋಜನ್ ಸುಮಾರು 500 ಪಿಪಿಬಿ (ನೂರು ಕೋಟಿ ಭಾಗದಲ್ಲಿ 500 ಭಾಗ) ಇರುತ್ತದೆ. ಬಿದಿರು, ನೀಲಗಿರಿ ಬಿಡುವ ಐಸೊಪ್ರೀನ್ ಎಂಬ ಅನಿಲ ಸಾಮಾನ್ಯವಾಗಿ ಬೆರಳೆಣಿಕೆಯ ಪಿಪಿಬಿ ಅಷ್ಟೆ.

ಸರಿಯಾಗಿ ಅಳೆಯಲು ಅನಿಲಗಳನ್ನು ಹಿಡಿದಿಡುವ ಟೆನಾಕ್ಸ್ ಎಂಬ ಪುಡಿ ತುಂಬಿದ ಉಕ್ಕಿನ ಕೊಳವೆ ಬೇಕು. ಮರದ ರಾಳದಲ್ಲಿರುವ ಪೈನೀನ್ ಅದರಲ್ಲಿ ನಿಲ್ಲುತ್ತದೆ, ಹಗುರ ಐಸೊಪ್ರೀನ್ ನುಸುಳಿಹೋಗುತ್ತದೆ. ಅದಕ್ಕೇ ಹಿಂದೆ ಇಂಗಾಲದ ಇನ್ನೊಂದು ಪದರ. ಪಂಪು ನಿಮಿಷಕ್ಕೆ 200 ಮಿ.ಲೀ.ನಂತೆ 20 ನಿಮಿಷ ಎಳೆದರೆ 4 ಲೀಟರ್. ಗಾಳಿಯಲ್ಲಿ 1 ಪಿಪಿಬಿ ಪೈನೀನ್ ಇದ್ದರೆ ಕೊಳವೆಗೆ ಸಿಗುವುದು ಬರೀ 22 ನ್ಯಾನೊಗ್ರಾಂ. ಇಂಬಳಕ್ಕೆಂದು ಕಾಲಿಗೆ ನೀಲಗಿರಿ ಎಣ್ಣೆ ಸವರಿಕೊಂಡು ಪಕ್ಕದಲ್ಲೇ ನಿಂತರೆ ಅಳೆದದ್ದು ಕಾಡನ್ನಲ್ಲ, ಕಾಲನ್ನು!

ಹೆಚ್ಚಿನವರು ಎಡವುವುದು ಓಜೋನ್ ವಿಷಯದಲ್ಲಿ. 40 ಪಿಪಿಬಿ ಓಜೋನ್ ಇದ್ದರೆ ಗಿಡಮರ ಬಿಡುವ ಕ್ಯಾರಿಯೋಫಿಲೀನ್‌ನಂಥ ಅನಿಲದ ಆಯುಸ್ಸು ಒಂದೆರಡು ನಿಮಿಷ. ಕೊಳವೆಗೆ ಸೇರಿದ ಮೇಲೂ ಓಜೋನ್ ಅದನ್ನು ತಿಂದುಹಾಕುತ್ತದೆ. ಸೋಡಿಯಂ ಥಯೋಸಲ್ಫೇಟ್ ದ್ರಾವಣದಲ್ಲಿ ಅದ್ದಿ ಒಣಗಿಸಿದ ಗಾಜುನಾರಿನ ಫಿಲ್ಟರನ್ನು ಕೊಳವೆಯ ಬಾಯಿಗೆ ಕೂರಿಸಿದರೆ ಓಜೋನ್ ಅಲ್ಲೇ ಕಳೆಯುತ್ತದೆ. ಪಂಪಿಗೆ ಜೋಡಿಸದೆ, ಸ್ಥಳದಲ್ಲಿ ಮುಚ್ಚಳ ತೆಗೆದು ಮತ್ತೆ ಹಾಕಿದ ಇನ್ನೊಂದು ಕೊಳವೆಯೂ ಪ್ರಯೋಗಾಲಯಕ್ಕೆ ಹೋಗಬೇಕು. ಅದರಲ್ಲೂ ಪೈನೀನ್ ಕಂಡರೆ ಆ ದಿನದ ಅಂಕಿಗಳನ್ನು ಅನುಮಾನಿಸಿ.

ಇನ್ನು ಲೆಕ್ಕಾಚಾರ. ರಾಳವಿರುವ ಮರಗಳಿಂದ ಮಾನೊಟರ್ಪೀನ್ (ಪೈನೀನ್ ಸೇರಿದ ಗುಂಪು) ಹೊಮ್ಮುವುದು ಮುಖ್ಯವಾಗಿ ಶಾಖದಿಂದ. ಗಣಕ ಮಾದರಿಗಳಲ್ಲಿ ಡಿಗ್ರಿಗೆ 0.09ರ ಘಾತಾಂಕ ಬಳಸುವುದು ರೂಢಿ. ಅಂದರೆ 20ರಿಂದ 30 ಡಿಗ್ರಿಗೆ ಏರಿದರೆ ಸುಮಾರು ಎರಡೂವರೆ ಪಟ್ಟು. ಐಸೊಪ್ರೀನ್‌ಗೆ ಬಿಸಿಲೂ ಬೇಕು, ಕತ್ತಲಾದರೆ ನಿಂತೇಹೋಗುತ್ತದೆ. ಆದರೂ ರಾತ್ರಿ ನೆಲದ ಬಳಿ ಮಾನೊಟರ್ಪೀನ್ ಅಂಕಿ ಹಗಲಿಗಿಂತ ಹೆಚ್ಚಿರಬಹುದು. ಮರ ಹೆಚ್ಚು ಬಿಟ್ಟಿತೆಂದಲ್ಲ, ತಣ್ಣನೆಯ ಗಾಳಿ ಮೇಲೇಳದೆ ಅನಿಲ ಅಲ್ಲೇ ಮಡುಗಟ್ಟುವುದರಿಂದ. ಮುಂಜಾನೆಯ ಒಂದೇ ಅಳತೆ ಹಿಡಿದು ಮರ ಗಂಟೆಗೆ ಇಷ್ಟು ಬಿಡುತ್ತದೆ ಎನ್ನುವುದು ತಪ್ಪಾಗುವುದು ಇಲ್ಲಿಯೇ.

ಇಂಥ ಅಂಕಿ ಅಚ್ಚಿಗೆ ಬಂದಾಗ ಯಾವ ಕೊಳವೆ, ಎಷ್ಟು ಲೀಟರ್, ಎಷ್ಟು ಗಂಟೆಗೆ ಎಂಬುದನ್ನೂ ಜೊತೆಗೆ ಪ್ರಕಟಿಸಬೇಕೆಂದು ಕೋರುತ್ತೇವೆ.

— ವಾಯು ರಸಾಯನ ಬಲ್ಲ ಓದುಗರು, ಶಿವಮೊಗ್ಗ