ಫೋನಿನಲ್ಲಿ ಹೇಳದೆ ಉಳಿಸಿದ ಮಾತು

ಪುಟ್ಟಿ,

ಹೋದ ಭಾನುವಾರ ಮಹಿಳಾ ವಿಶ್ವಕಪ್ಪಿನ ಕೊಲಂಬೊ ಮ್ಯಾಚ್ ಮುಗಿದ ಮೇಲೆ ನೀನು ಫೋನ್ ಮಾಡಿದ್ದೆ. ನಮ್ಮ ಹುಡುಗಿಯರು ಪಾಕಿಸ್ತಾನವನ್ನು 88 ರನ್ನಿನಿಂದ ಸೋಲಿಸಿ, ಕೈ ಕುಲುಕದೆ ಒಳಗೆ ಹೋಗಿದ್ದರು. "ಅಮ್ಮಾ, ನಿಂಗೆ ಏನನ್ಸುತ್ತೆ?" ಅಂತ ಕೇಳಿದೆ. ನಾನು "ಊಟ ಆಯ್ತಾ?" ಅಂದೆ. ನೀನು ಸ್ವಲ್ಪ ಹೊತ್ತು ಸುಮ್ಮನಿದ್ದು ಫೋನ್ ಇಟ್ಟೆ. ಪಕ್ಕದಲ್ಲಿ ನಿನ್ನ ದೊಡ್ಡಪ್ಪ ಕೂತಿದ್ದರು. ಅವರೆದುರು ಮಾತು ಬರಲಿಲ್ಲ, ಅಷ್ಟೇ. ಈಗ ಬರೆಯುತ್ತಿದ್ದೇನೆ.

2025ರ ಏಪ್ರಿಲ್ 22ರಿಂದಲೇ ಶುರು ಮಾಡಬೇಕು. ಕಾಶ್ಮೀರದ ಪಹಲ್ಗಾಮ್‌ನಲ್ಲಿ ಭಯೋತ್ಪಾದಕರು ಪ್ರವಾಸಿಗರ ಧರ್ಮ ಕೇಳಿ ಕೇಳಿ ಗುಂಡು ಹಾರಿಸಿದರು. 26 ಜನ ಸತ್ತರು. ನಮ್ಮ ಶಿವಮೊಗ್ಗದವರೊಬ್ಬರೂ ಅದರಲ್ಲಿದ್ದರು. ಅವರ ದೇಹ ಊರಿಗೆ ಬರುವ ಹಿಂದಿನ ರಾತ್ರಿ ನಮ್ಮ ಸ್ಕೂಲಿನ ಉರ್ದು ಮೇಡಂ ನನಗೆ ಫೋನ್ ಮಾಡಿದರು. ಇಪ್ಪತ್ತು ವರ್ಷ ಒಂದೇ ಸ್ಟಾಫ್ ರೂಮಿನಲ್ಲಿ ಊಟದ ಡಬ್ಬಿ ಹಂಚಿಕೊಂಡವರು ನಾವು. "ಮೇಡಂ, ನಾನೂ ಬಂದು ರಸ್ತೆಯಲ್ಲಿ ನಿಂತರೆ ಯಾರಾದರೂ ಏನಾದರೂ ಅಂತಾರಾ?" ಅಂದರು. ಹುಟ್ಟಿ ಬೆಳೆದ ಊರಿನಲ್ಲಿ, ಸತ್ತವರಿಗೆ ಕೈ ಮುಗಿಯೋದಕ್ಕೆ ಅವರು ನನ್ನ ಒಪ್ಪಿಗೆ ಕೇಳುವ ಹಾಗಾಯಿತು. "ಬನ್ನಿ, ನನ್ನ ಪಕ್ಕದಲ್ಲೇ ನಿಲ್ಲಿ" ಅಂದೆ. ಬಂದರು. ಕೈಯಲ್ಲೊಂದು ಪ್ಲಾಸ್ಟಿಕ್ ಕವರು, ಒಳಗೆ ಬಿಡಿ ಸೇವಂತಿಗೆ. ಮೆರವಣಿಗೆ ಹತ್ತಿರ ಬಂದಾಗ ಎಲ್ಲರೂ ಹೂವು ಎಸೆದರು. ಅವರು ಕವರಿನ ಬಾಯಿ ಬಿಚ್ಚಲೇ ಇಲ್ಲ. ಬೆರಳಿಗೆ ಸುತ್ತಿಕೊಂಡಿದ್ದ ಹಿಡಿ ಎಳೆದೆಳೆದು ಬೆರಳು ಬೆಳ್ಳಗಾಗಿತ್ತು. ಹೂವನ್ನು ಹಾಗೇ ಮನೆಗೆ ತಗೊಂಡು ಹೋದರು. ಪಹಲ್ಗಾಮ್‌ನಲ್ಲಿ ಪ್ರವಾಸಿಗರನ್ನು ಉಳಿಸೋಕೆ ಹೋಗಿ ಸತ್ತ, ಕುದುರೆ ಸವಾರಿ ಮಾಡಿಸುತ್ತಿದ್ದ ಮುಸ್ಲಿಂ ಹುಡುಗನೂ ಆ 26 ಜನರಲ್ಲಿ ಒಬ್ಬ. ಅದನ್ನು ಆ ದಿನ ಅಲ್ಲಿ ಯಾರಿಗಾದರೂ ಹೇಳಬೇಕು ಅನ್ನಿಸಿತ್ತು. ಹೇಳಲಿಲ್ಲ.

ಅದೇ ವಾರ ನೀರಜ್ ಚೋಪ್ರಾ ಗಲಾಟೆ ಶುರುವಾಯಿತು. ಬೆಂಗಳೂರಿನಲ್ಲಿ ಅವನು ನಡೆಸಬೇಕಿದ್ದ ಜಾವೆಲಿನ್ ಸ್ಪರ್ಧೆಗೆ ಪಾಕಿಸ್ತಾನದ ಅರ್ಶದ್ ನದೀಮ್‌ನನ್ನೂ ಕರೆದಿದ್ದ. ಕರೆದದ್ದು ದಾಳಿಗೆ ಮೊದಲೇ. ಆದರೂ ಸೈನ್ಯದಲ್ಲಿರುವ ಆ ಹುಡುಗನ ದೇಶಪ್ರೇಮವನ್ನೇ ಜನ ಅನುಮಾನಿಸಿದರು. ಅವನ ತಾಯಿ ಸರೋಜ್ ದೇವಿಯವರನ್ನೂ ಬಿಡಲಿಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್ ನೆನಪಿದೆಯಾ? ಅರ್ಶದ್ 92.97 ಮೀಟರ್ ಎಸೆದು ಚಿನ್ನ ಗೆದ್ದ, ನೀರಜ್ 89.45 ಮೀಟರ್ ಎಸೆದು ಬೆಳ್ಳಿ. ಚಿನ್ನ ಗೆದ್ದವನೂ ನಮ್ಮ ಹುಡುಗನೇ, ಅವನೂ ಕಷ್ಟಪಟ್ಟಿದ್ದಾನೆ ಅಂದಿದ್ದರು ಆ ತಾಯಿ. ಆ ಕಡೆ ಅರ್ಶದ್‌ನ ತಾಯಿಯೂ ನೀರಜ್ ನನಗೆ ಮಗನ ಹಾಗೆ ಅಂದಿದ್ದರು. ಆವತ್ತು ದೇಶವೇ ಹೊಗಳಿತ್ತು. ಏಳೆಂಟು ತಿಂಗಳಿಗೆ ಅದೇ ಮಾತನ್ನು ಹಿಡಿದು ಬೈದರು. ಹೆತ್ತವಳ ಬಾಯಲ್ಲಿ ಬಂದ ಮಾತು ಅದು. ಯಾವ ಸರ್ಕಾರಕ್ಕೂ ಹೇಳಿದ್ದಲ್ಲ. ಮೊಣಕೈ ನೋಯಿಸಿಕೊಂಡು, ಊಟ ನಿದ್ದೆ ಬಿಟ್ಟು ಎಸೆಯುವ ಹುಡುಗನನ್ನು ಮನೆಯಲ್ಲಿ ನೋಡಿದವಳಿಗೆ, ಇನ್ನೊಬ್ಬ ಎಸೆಯುವವನ ಕಷ್ಟ ಗೊತ್ತಾಗದೆ ಇರುತ್ತಾ?

ನಮ್ಮ ಮನೆಯ ವಾಟ್ಸಾಪ್ ಗ್ರೂಪಿಗೆ ಸರೋಜ್ ದೇವಿಯವರ ಫೋಟೋ ಹಾಕಿ, ಕೆಳಗೆ ಕೆಟ್ಟ ಮಾತು ಬರೆದಿದ್ದನ್ನು ಫಾರ್ವರ್ಡ್ ಮಾಡಿದ್ದು ನಿನ್ನ ದೊಡ್ಡಪ್ಪ. ನೀನು ಓದಿರ್ತೀಯ. ಹೆಬ್ಬೆಟ್ಟಿನ ಗುರುತು ಸಾಲಾಗಿ ಬಂತು. ನಾನು ಏನೂ ಬರೆಯಲಿಲ್ಲ. ಭಾವನ ಎದುರು ವಾದ ಯಾಕೆ ಅಂದುಕೊಂಡೆ. ನಿನಗೆ ಕೋಪ ಬಂದಿದ್ದು ಆಗಲೇ ಅಲ್ವಾ?

ನನಗೆ ಜಾಸ್ತಿ ನೋವಾಗೋದು ಬೇರೆ ಕಾರಣಕ್ಕೆ. ಚೆಪಾಕ್ ಕಥೆ ನಮಗೆಲ್ಲ ಹೇಳಿಕೊಟ್ಟವರೇ ಅವರು. 1999, ಜನವರಿ 31. ಚೆನ್ನೈನ ಚೆಪಾಕ್ ಸ್ಟೇಡಿಯಂನಲ್ಲಿ ಪಾಕಿಸ್ತಾನದ ವಿರುದ್ಧದ ಟೆಸ್ಟ್ ನೋಡೋಕೆ ಗೆಳೆಯರ ಜೊತೆ ರೈಲಿನಲ್ಲಿ ಹೋಗಿದ್ದರು. ಸಚಿನ್ ಬೆನ್ನುನೋವಿನಲ್ಲೇ 136 ಹೊಡೆದಿದ್ದ. ಅವನು ಔಟಾದಾಗ ಬೇಕಿದ್ದದ್ದು 17 ರನ್. ಸೋತಿದ್ದು 12 ರನ್ನಿನಿಂದ. ಸ್ಟೇಡಿಯಂ ಸತ್ತ ಮನೆಯ ಹಾಗಾಯಿತಂತೆ. ಆಮೇಲೆ ಯಾರೋ ಒಬ್ಬರು ಎದ್ದರು, ಪಕ್ಕದವರು ಎದ್ದರು, ಇಡೀ ಚೆಪಾಕ್ ಎದ್ದು ನಿಂತು ಪಾಕಿಸ್ತಾನದವರಿಗೆ ಚಪ್ಪಾಳೆ ತಟ್ಟಿತು. ಅವರು ಮೈದಾನ ಸುತ್ತಿದರು. ಅದೇ ತಿಂಗಳು, ಆ ಸರಣಿಯೇ ಬೇಡ ಅಂತ ದೆಹಲಿಯ ಕೋಟ್ಲಾ ಪಿಚ್ಚನ್ನು ಅಗೆದು ಹಾಕಿದ್ದರು! ದೊಡ್ಡಪ್ಪ ಈ ಕಥೆ ಹೇಳುವಾಗ ಪ್ರತಿ ಸಲವೂ ಅಂಗೈ ತೋರಿಸುತ್ತಿದ್ದರು. ಕೆಂಪಗಾಗಿತ್ತು ನೋಡು ಅಂತ. ನೀನು ಚಿಕ್ಕವಳಿದ್ದಾಗ ಆ ಅಂಗೈಯನ್ನು ಮುಟ್ಟಿ ನೋಡುತ್ತಿದ್ದೆ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಕೋಪ ಸುಳ್ಳಲ್ಲ, ನನಗೂ ಇದೆ. ಕೊಂದವರ ಮೇಲೆ, ಅವರನ್ನು ಸಾಕುವವರ ಮೇಲೆ. ಅಷ್ಟು ಜನ ಪ್ರವಾಸಿಗರಿದ್ದ ಕಡೆ ಕಾವಲು ಯಾಕಿರಲಿಲ್ಲ ಅಂತ ನಮ್ಮವರ ಮೇಲೂ ಇದೆ. ಪಾಕಿಸ್ತಾನದ ಜೊತೆ ಆಡೋದೇ ಬೇಡ ಅಂತ ಸರ್ಕಾರ ಹೇಳಿದ್ದರೆ ಒಪ್ಪುತ್ತಿದ್ದೆ. ಆದರೆ ಸೆಪ್ಟೆಂಬರಿನಲ್ಲಿ ದುಬೈನಲ್ಲಿ ಏಷ್ಯಾ ಕಪ್ಪಿನಲ್ಲಿ ಮೂರು ಸಲ ಆಡಿದೆವು. ಟಿಕೆಟ್ ಮಾರಿದರು, ಜಾಹೀರಾತು ಮಾರಿದರು. ಕೈ ಮಾತ್ರ ಕೊಡಲ್ಲ ಅಂದರೆ, ದೊಡ್ಡವರು ತೀರ್ಮಾನ ಮಾಡಲಾಗದ ಭಾರವನ್ನೆಲ್ಲ ಆಡುವ ಮಕ್ಕಳ ಹೆಗಲಿಗೆ ಹಾಕಿದ ಹಾಗಾಯಿತು. ಫೈನಲ್ ಗೆದ್ದ ಮೇಲೆ ಏಷ್ಯಾ ಕ್ರಿಕೆಟ್ ಮಂಡಳಿಯ ಮುಖ್ಯಸ್ಥ ಮೊಹ್ಸಿನ್ ನಖ್ವಿ ಕೈಯಿಂದ ಕಪ್ ಬೇಡ ಅಂದದ್ದು ನನಗೆ ಅರ್ಥವಾಗುತ್ತದೆ. ಅವರು ಪಾಕಿಸ್ತಾನದ ಗೃಹಮಂತ್ರಿ. ಎದುರು ನಿಂತು ಬೌಲ್ ಮಾಡಿದ ಹುಡುಗನ ಕೈ ಬೇಡ ಅಂದದ್ದು ಅರ್ಥವಾಗೋದಿಲ್ಲ. 2022ರ ವಿಶ್ವಕಪ್ಪಿನಲ್ಲಿ ನಮ್ಮ ಹುಡುಗಿಯರು ಪಾಕಿಸ್ತಾನದ ಕ್ಯಾಪ್ಟನ್ ಬಿಸ್ಮಾ ಮರೂಫ್ ಅವರ ಹಸುಗೂಸನ್ನು ಸುತ್ತುವರಿದು ಆಡಿಸಿದ ಫೋಟೋ ನೀನೇ ನನಗೆ ಕಳಿಸಿದ್ದೆ. ಹೋದ ಭಾನುವಾರ ಅದೇ ಕಣ್ಣ ಮುಂದೆ ಬರುತ್ತಿತ್ತು.

ಜುಲೈ 5ರಂದು ನೀರಜ್‌ನ ಆ ಸ್ಪರ್ಧೆ ನೋಡೋಕೆ ನಾವಿಬ್ಬರೂ ಕಂಠೀರವಕ್ಕೆ ಹೋದೆವಲ್ಲ, ಆ ಸಂಜೆಯೂ ಹೀಗೇ ಅನ್ನಿಸಿತ್ತು. ಅದಕ್ಕೆ ಒಂದು ತಿಂಗಳ ಹಿಂದೆ ಚಿನ್ನಸ್ವಾಮಿ ಹತ್ತಿರ ಕಾಲ್ತುಳಿತದಲ್ಲಿ 11 ಜನ ಹೋಗಿದ್ದರು. ಗೇಟಿನಲ್ಲಿ ನಿನ್ನ ಕೈ ಬಿಟ್ಟಿರಲಿಲ್ಲ ನಾನು. ನೀರಜ್ 86.18 ಮೀಟರ್ ಎಸೆದು ಗೆದ್ದ. ಕೀನ್ಯಾದವನು ಎರಡನೆಯವನು, ಶ್ರೀಲಂಕಾದವನು ಮೂರನೆಯವನು. ಅವರಿಗೂ ನಮ್ಮ ಜನ ಚೆನ್ನಾಗಿ ಚಪ್ಪಾಳೆ ಹೊಡೆದರು. ಅರ್ಶದ್ ಬರಲಿಲ್ಲ. ಅವನು ಬಂದಿದ್ದರೆ ಈ ಜನ ಏನು ಮಾಡುತ್ತಿದ್ದರು ಅಂತ ಯೋಚಿಸುತ್ತಾ ಕೂತಿದ್ದೆ.

ನಾನು ದಿನಾ ದೇವರಿಗೆ ದೀಪ ಹಚ್ಚುವವಳು. ಅದರಲ್ಲಿ ಬದಲಾವಣೆ ಇಲ್ಲ. ಆದರೆ ನನ್ನ ದೇವರ ಹೆಸರು ಹೇಳಿ ಇನ್ನೊಬ್ಬ ತಾಯಿಯನ್ನು ಬೈದರೆ ನಾನು ಸುಮ್ಮನೆ ಕೂರಬಾರದಿತ್ತು. ಕೂತೆ. ಪಹಲ್ಗಾಮ್‌ನಲ್ಲಿ ಗಂಡನನ್ನು ಕಳೆದುಕೊಂಡ ಹೊಸ ಮದುಮಗಳು, ಮುಸ್ಲಿಮರ ಮೇಲೆ, ಕಾಶ್ಮೀರದವರ ಮೇಲೆ ಹಗೆ ಬೇಡ ಅಂದಳು. ಅವಳನ್ನೂ ಬೈದರು. ಆ ಮಗುವಿಗೆ ಇದ್ದ ಧೈರ್ಯದಲ್ಲಿ ಕಾಲು ಭಾಗ ನನಗಿದ್ದರೆ ಸಾಕಿತ್ತು.

ದೀಪಾವಳಿಗೆ ರಜೆ ಹಾಕಿ ಬಾ. ದೊಡ್ಡಪ್ಪನೂ ಬರುತ್ತಾರೆ. ರಾತ್ರಿ ಊಟ ಆದ ಮೇಲೆ, ಎಲ್ಲರೂ ಎಲೆ ಅಡಿಕೆ ಹಾಕಿಕೊಂಡು ಕೂತಾಗ, ಚೆಪಾಕ್ ಕಥೆ ಹೇಳಿ ಅಂತ ನೀನೇ ಕೇಳು. ನೀನು ಕೇಳಿದರೆ ಇಲ್ಲ ಅನ್ನೋದಿಲ್ಲ ಅವರು. ಅಂಗೈ ತೋರಿಸುವ ಜಾಗ ಬಂದಾಗ ಸರೋಜ್ ದೇವಿಯವರ ವಿಷಯ ನಾನು ಎತ್ತುತ್ತೇನೆ.

ನಿನ್ನ
ಅಮ್ಮ