ವಹಾಕಾದ ಆ ಸೆನ್ಯೋರಾಗೆ ಥ್ಯಾಂಕ್ಸ್

ಮೆಕ್ಸಿಕೋದ ವಹಾಕಾ ಮಾರ್ಕೆಟ್‌ನಲ್ಲಿ ತ್ಲಾಯುದಾ ಅನ್ನೋ ಅಗಲದ ರೊಟ್ಟಿ ಮಾಡುವ ಸೆನ್ಯೋರಾ (ಅಲ್ಲಿ ಹೆಂಗಸರನ್ನು ಗೌರವದಿಂದ ಕರೆಯುವುದು ಹಾಗೇ), ಈ ಕನ್ನಡ ನಿಮಗೆ ತಲುಪಲ್ಲ, ಆದರೂ ತುಂಬಾ ಥ್ಯಾಂಕ್ಸ್. ನಾನು ಮಾಂಸ ತಿನ್ನಲ್ಲ ಅಂದ ಕೂಡಲೇ ಕೈ ತಡೆದು, ಆ ಅಗಲದ ಮೆಕ್ಕೆಜೋಳದ ರೊಟ್ಟಿಗೆ ಮೊದಲು ಸವರುವುದೇ ಹಂದಿ ಕೊಬ್ಬು ಅಂತ ಡಬ್ಬಿ ತೆರೆದು ತೋರಿಸಿದಿರಿ. ಬೇರೆಯವರಾಗಿದ್ದರೆ ಸುಮ್ನೆ ಸವರಿ ಕೊಡುತ್ತಿದ್ದರು, ಅಲ್ವಾ? ನೀವು ಅರೆದ ಕರಿ ಬೀನ್ಸ್, ಎಳೆ ಎಳೆಯಾಗಿ ಬಿಡಿಸಿದ ಚೀಸ್ ಮಾತ್ರ ಹಾಕಿ ಕೆಂಡದ ಮೇಲೆ ಸುಟ್ಟುಕೊಟ್ಟಿರಿ.

ಒಬ್ಬಳೇ ಬಂದಿದ್ದೇನೆ ಅಂತ ಗೊತ್ತಾಗಿ, ಸತ್ತವರನ್ನು ನೆನೆಯುವ ಹಬ್ಬಕ್ಕೆ ಅಕ್ಟೋಬರ್ 31ರ ರಾತ್ರಿ ನಿಮ್ಮ ಮನೆಯವರ ಜೊತೆ ಹೋಹೋಕೋತ್ಲಾನ್ ಊರಿನ ಸ್ಮಶಾನಕ್ಕೂ ಕರೆದುಕೊಂಡು ಹೋದಿರಿ. ನಮ್ಮ ಕಡೆ ಹೆಂಗಸರು ಸ್ಮಶಾನಕ್ಕೆ ಹೋಗುವುದೇ ಕಡಿಮೆ. ಅಲ್ಲಿ ನೋಡಿದರೆ ಗೋರಿ ತುಂಬಾ ಚೆಂಡುಹೂವು, ಮೇಣದಬತ್ತಿ, ಹಾಡು, ಮಕ್ಕಳ ಗಲಾಟೆ. ಎಸಳು ಉದುರಿಸಲು ನನಗೂ ಒಂದು ಬುಟ್ಟಿ ಕೊಟ್ಟಿರಿ. ಫೋಟೋ ತೆಗೆಯುವ ಮೊದಲು ಆ ಗೋರಿಯ ಮನೆಯವರನ್ನು ಕೇಳು ಅಂತ ಮೆಲ್ಲಗೆ ಹೇಳಿದ್ದೂ ನೀವೇ. ಅದಕ್ಕೂ ಥ್ಯಾಂಕ್ಸ್.