ನಿನ್ನ ಕಣ್ಣಿಗೆ ಒಪ್ಪುವ ಗೆರೆ

ಪ್ರೀತಿಯ ಶಾಲೂ,

ನೀನು ಕಳಿಸಿದ ರೀಲ್ಸ್ ಎಲ್ಲ ನೋಡಿದೆ ಕಣೇ. ತಂಗಿಯ ಆರತಕ್ಷತೆಗೆ ಇದೇ ಥರ ಕಣ್ಣಿನ ಮೇಕಪ್ ಬೇಕು, ಆದರೆ ಎಷ್ಟು ಹಚ್ಚಿದರೂ ಕಾಣೋದೇ ಇಲ್ಲ, ನನ್ನ ಕಣ್ಣೇ ಸರಿಯಿಲ್ಲ ಅಂತ ಬರೆದಿದ್ದೀಯಲ್ಲ, ಆ ಕಡೆಯ ಮಾತನ್ನು ನಾನು ಒಪ್ಪುವುದಿಲ್ಲ. ರೀಲ್ಸ್‌ನ ಆ ಹುಡುಗಿಯ ರೆಪ್ಪೆ ಅಗಲ, ಕಣ್ಣು ಬಿಟ್ಟಾಗಲೂ ಬಣ್ಣ ಹಚ್ಚಿದ ಜಾಗ ಪೂರ್ತಿ ಕಾಣುತ್ತದೆ. ನಿನ್ನದು ಹುಬ್ಬಿನ ಕೆಳಗಿನ ಚರ್ಮ ರೆಪ್ಪೆಯ ಮೇಲೆ ಇಳಿದು ಕೂರುವ ಕಣ್ಣು. ಮೇಕಪ್‌ನವರು ಹೂಡೆಡ್ ಐ ಅನ್ನುತ್ತಾರೆ. ನಿಮ್ಮ ಅಮ್ಮನದೂ ಹಾಗೇ ಅಲ್ವಾ, ಎಷ್ಟು ಚೆಂದ! ಬೇರೆಯವರ ಅಳತೆಗೆ ಹೊಲಿದ ರವಿಕೆಯನ್ನು ಹೊಲಿಗೆ ಬಿಚ್ಚಿ ಹಿಡಿಸಿಕೊಳ್ಳುತ್ತೇವಲ್ಲ, ಟ್ರೆಂಡನ್ನೂ ಹಾಗೆ ಹಿಡಿಸಿಕೊಳ್ಳಬೇಕು.

ವಿಂಗ್, ಅಂದರೆ ಕಣ್ಣಿನ ಹೊರತುದಿಯಿಂದ ರೆಕ್ಕೆಯಂತೆ ಚಾಚುವ ಲೈನರ್ ಗೆರೆ, ಎಳೆಯುವಾಗ ಕಣ್ಣು ಮುಚ್ಚಬೇಡ, ಚರ್ಮವನ್ನು ಪಕ್ಕಕ್ಕೆ ಎಳೆದು ಹಿಡಿಯಲೂ ಬೇಡ. ಕನ್ನಡಿಯನ್ನು ಮುಖದ ಮಟ್ಟಕ್ಕೇ ಇಟ್ಟುಕೊಂಡು, ಹುಬ್ಬೇರಿಸದೆ ನೇರ ನೋಡು. ಕೆಳರೆಪ್ಪೆಯ ಅಂಚು ಹೊರಗೆ ಮುಂದುವರಿದರೆ ಯಾವ ಕಡೆ ಹೋಗುತ್ತದೋ ಆ ದಿಕ್ಕಿನಲ್ಲಿ, ಹುಬ್ಬಿನ ತುದಿಯ ಕಡೆಗೆ ಒಂದು ಚುಕ್ಕಿ ಇಡು. ಅಲ್ಲಿಂದ ಒಳಕ್ಕೆ, ಮಡಿಕೆಯ ಮೇಲೇ ಹಾಯಿಸಿ, ರೆಪ್ಪೆಗೂದಲಿನ ಬುಡಕ್ಕೆ ಗೆರೆ ತಂದು ಸೇರಿಸು. ಕಣ್ಣು ಮುಚ್ಚಿದರೆ ಗೆರೆಯ ನಡುವೆ ಕಚ್ಚು ಬಿದ್ದಂತೆ ಕಾಣುತ್ತದೆ, ಗಾಬರಿಯಾಗಬೇಡ, ಕಣ್ಣು ಬಿಟ್ಟಾಗ ನೆಟ್ಟಗಾಗುತ್ತದೆ. ರೆಪ್ಪೆಯ ಮೇಲೆ ಮಾತ್ರ ಗೆರೆ ತೀರಾ ತೆಳ್ಳಗಿರಲಿ. ದಪ್ಪ ಮಾಡಬೇಕೆಂದರೆ ಹೊರತುದಿಯಲ್ಲಿ ಮಾಡು.

ಐಶ್ಯಾಡೊಗೂ ಇದೇ ಲೆಕ್ಕ. 1960ರ ದಶಕದಲ್ಲಿ ಲಂಡನ್ನಿನ ಮಾಡೆಲ್ ಟ್ವಿಗ್ಗಿ ರೆಪ್ಪೆಯ ಮಡಿಕೆಯಲ್ಲಿ ಕಪ್ಪು ಗೆರೆ ಎಳೆದುಕೊಳ್ಳುತ್ತಿದ್ದಳು. ಮಡಿಕೆಯನ್ನು ಗೆರೆ ಕೊರೆದಂತೆ ಎದ್ದು ಕಾಣಿಸುವ ಇಂದಿನ ಕಟ್ ಕ್ರೀಸ್ ಕೂಡ ಅದೇ ಜಾತಿಯದು. ನಿನಗೆ ಮಡಿಕೆಯಲ್ಲೇ ಹಚ್ಚಿದರೆ ಅದು ಒಳಗೆ ಅಡಗಿಬಿಡುತ್ತದೆ. ಕಣ್ಣು ಬಿಟ್ಟುಕೊಂಡೇ, ಮಡಿಕೆಗಿಂತ ಸ್ವಲ್ಪ ಮೇಲೆ ಮಿನುಗದ, ಮ್ಯಾಟ್ ಕಂದು ಬಣ್ಣ ತೀಡು. ಮಿನುಗುವುದನ್ನು ಅಲ್ಲಿ ಹಚ್ಚಿದರೆ ಇಳಿದ ಚರ್ಮ ಇನ್ನೂ ಉಬ್ಬಿದ ಹಾಗೆ ಕಾಣುತ್ತದೆ. ಅದನ್ನು ರೆಪ್ಪೆಯ ನಡುವೆ ಮತ್ತು ಮೂಗಿನ ಪಕ್ಕದ ಮೂಲೆಯಲ್ಲಿ ಇಟ್ಟುಕೋ. ರೀಲ್ಸ್‌ನ ತಿಳಿಗುಲಾಬಿ, ತಿಳಿನೀಲಿ ನಮ್ಮ ಮೈಬಣ್ಣದ ಮೇಲೆ ಬೂದಿ ಬಳಿದಂತಾಗುತ್ತವೆ. ತಾಮ್ರ, ದ್ರಾಕ್ಷಿ ಬಣ್ಣ, ಬಾಟಲಿ ಹಸಿರು ನಿನ್ನ ಮುಖಕ್ಕೆ ಎಷ್ಟು ಕಳೆ ಕೊಡುತ್ತವೆ ನೋಡು.

ಕಣ್ಣಿನ ಹೊರತುದಿಯನ್ನು ಮೇಲಕ್ಕೆ ಎಳೆದಂತೆ ತೋರಿಸುವ ಫಾಕ್ಸ್ ಐ ಮಾತ್ರ ಬೇಡ ಕಣೇ. 2020ರಲ್ಲಿ ಅದು ಎಲ್ಲೆಡೆ ಹರಡಿದಾಗ, ಕೆನ್ನೆಯ ಮೇಲ್ಗಡೆ ಕೈಯಿಟ್ಟು ಕಣ್ಣನ್ನು ಎಳೆದು ಫೋಟೋ ತೆಗೆಸಿಕೊಳ್ಳುವವರು ಹೆಚ್ಚಾದರು. ಅದೇ ಭಂಗಿಯಲ್ಲಿ ತಮ್ಮನ್ನು ಅಣಕಿಸುತ್ತಿದ್ದರು ಅಂತ ಅಮೆರಿಕದ ಪೂರ್ವ ಏಷ್ಯಾ ಮೂಲದವರು ಎಷ್ಟು ನೊಂದುಕೊಂಡರು. ಸಾಲದ್ದಕ್ಕೆ ಅದಕ್ಕೆ ಹುಬ್ಬಿನ ತುದಿ ಬೋಳಿಸುವವರೂ ಇದ್ದಾರೆ. ನಿನ್ನ ಹುಬ್ಬನ್ನು ಯಾರೂ ಮುಟ್ಟಕೂಡದು.

ಇನ್ನು ನಿನ್ನ ಕನ್ನಡಕ. ಮೈನಸ್ ಪವರ್ ಗಾಜು ಕಣ್ಣನ್ನು ಚಿಕ್ಕದಾಗಿ ತೋರಿಸುತ್ತದೆ, ಕೆಳಗಿನ ಒಳಅಂಚಿಗೆ ಕಪ್ಪು ಕಾಡಿಗೆ ತುಂಬಿದರೆ ಇನ್ನೂ ಕುಗ್ಗುತ್ತದೆ. ಅಲ್ಲಿಗೆ ಚರ್ಮದ ಬಣ್ಣದ ಪೆನ್ಸಿಲ್ ಸಾಕು, ಕಪ್ಪನ್ನು ಮೇಲಿನ ರೆಪ್ಪೆಗೂದಲುಗಳ ಸಂದಿಗೆ ತುಂಬು. ಕಣ್ಣಿನ ಕೆಳಗಿನ ಕಪ್ಪಿಗೆ ಮೊದಲು ಪೀಚ್ ಅಥವಾ ಕಿತ್ತಳೆ ಬಣ್ಣದ ಕರೆಕ್ಟರ್ ಚೂರೇ ಚೂರು ಹಚ್ಚಿ ಆಮೇಲೆ ಕನ್ಸೀಲರ್ ಹಚ್ಚು. ನೇರ ಕನ್ಸೀಲರ್ ಹಚ್ಚಿದರೆ ಬೂದುಬೂದಾಗುತ್ತದೆ. ನಿಮ್ಮ ಮನೆಯಲ್ಲಿ ಯಾರೋ ತಂದಿಟ್ಟ ಸುರ್ಮಾ ಇತ್ತಲ್ಲ, ಅದನ್ನು ಮುಟ್ಟಲೇಬೇಡ. ಕೆಲವು ಸುರ್ಮಾಗಳಲ್ಲಿ ಸೀಸ ಇರುತ್ತದೆ. ಮಸ್ಕಾರ ತೆರೆದು ಮೂರು ತಿಂಗಳು ದಾಟಿದ್ದರೆ ಹೊಸದು ಕೊಂಡುಕೋ.

ನಿಮ್ಮ ಮಂಗಳೂರಿನ ಸೆಕೆಗೆ ಮಡಿಕೆಯ ಚರ್ಮ ತಾಗಿ ತಾಗಿ ಗೆರೆ ಮೇಲಕ್ಕೆ ಅಂಟುತ್ತದೆ. ವಾಟರ್‌ಪ್ರೂಫ್ ಲೈನರ್ ತಗೋ, ಹಚ್ಚುವ ಮೊದಲು ರೆಪ್ಪೆಗೆ ತುಸು ಪೌಡರ್ ಒತ್ತು. ಈ ವಾರ ಒಂದು ಸಂಜೆ ಪೂರ್ತಿ ಹಚ್ಚಿಕೊಂಡು ಮನೆಕೆಲಸ ಮಾಡಿಕೊಂಡಿರು, ಎಲ್ಲಿ ಅಳಿಸುತ್ತದೆ ಗೊತ್ತಾಗಲಿ. ಕನ್ನಡಕ ಹಾಕಿದ್ದೊಂದು, ತೆಗೆದದ್ದೊಂದು ಫೋಟೋ ಕಳಿಸು. ಅಂದಹಾಗೆ, ಸೀರೆ ಯಾವ ಬಣ್ಣದ್ದು ಅಂತ ನೀನು ಇನ್ನೂ ಹೇಳೇ ಇಲ್ಲ.

ನಿನ್ನ,
ವಿದ್ಯಾ